ಕುದುರೆ ಪೇಪರಲ್ಲಿ ‘ಇಂಪ್ರೆಸಿವ್’ ವಂಶ ಅಂತ ಇದೆ, ಟೆಸ್ಟ್ ಮಾಡಿಸದೆ ತಗೋಬಹುದಾ?

ಡಲ್ಲಾಸ್_ಅಪ್ಪ

ಎಲ್ರಿಗೂ ನಮಸ್ಕಾರ. ಊರು ತಿಪಟೂರು, ಈಗ ಡಲ್ಲಾಸ್ ಹತ್ರ ಇದೀವಿ. ಮಗಳಿಗೆ 13, ಮೂರು ವರ್ಷದಿಂದ ರೈಡಿಂಗ್ ಕ್ಲಾಸಿಗೆ ಹೋಗ್ತಿದಾಳೆ, ಈಗ ಸ್ವಂತ ಕುದುರೆನೇ ಬೇಕು ಅಂತ ಹಠ. ನಾನು ಕುದುರೆ ಹತ್ರದಿಂದ ನೋಡಿದ್ದು ಅಂದ್ರೆ ಮದುವೆ ಮೆರವಣಿಗೆಲಿ ಅಷ್ಟೆ, ಹಾಗಾಗಿ ಪ್ರಶ್ನೆ ಪೆದ್ದಾಗಿದ್ರೆ ಬೈಕೋಬೇಡಿ.

ಕ್ವಾರ್ಟರ್ ಹಾರ್ಸ್ ಅನ್ನೋ ಅಮೆರಿಕದ ತಳಿದು ಒಂದು ಕುದುರೆ ನೋಡಿದೀವಿ. 2006ರಲ್ಲಿ ಹುಟ್ಟಿದ್ದು, ಬೀಜ ತೆಗೆದಿರೋ ಗಂಡು (ಜೆಲ್ಡಿಂಗ್), ಕೆಂಚು ಬಣ್ಣ, ಹಣೆ ಮೇಲೆ ಬಿಳಿ ನಾಮ ಎಳೆದಂಗಿದೆ. ಒಂದು ರ‍್ಯಾಂಚಲ್ಲಿ ದಿನಾ ದನ ಕಾಯೋಕೆ ಬಳಸ್ತಿದ್ರಂತೆ, ಈಗ ವಯಸ್ಸಾಯ್ತು ಮಕ್ಕಳಿಗೆ ಸರಿಹೋಗುತ್ತೆ ಅಂತ ಮಾರ್ತಿದಾರೆ. ಬಹಳ ಸಾಧು, ಮಗಳು ಹಿಂದಿನ ಕಾಲು ಎತ್ತಿ ಗೊರಸು ಕೆರೀತಾ ಇದ್ರೆ ನಿದ್ದೆ ಹೊಡೀತಾ ನಿಂತಿತ್ತು.

ತೊಂದ್ರೆ ಏನಂದ್ರೆ ಅದರ ಎಕ್ಯೂಎಚ್‌ಎ (ಅಮೆರಿಕನ್ ಕ್ವಾರ್ಟರ್ ಹಾರ್ಸ್ ಅಸೋಸಿಯೇಷನ್) ಸರ್ಟಿಫಿಕೇಟಲ್ಲಿ ಕೆಳಗಡೆ ಸಣ್ಣಕ್ಷರದಲ್ಲಿ ಒಂದು ಒಕ್ಕಣೆ ಇದೆ, ಈ ಕುದುರೆ ಪೂರ್ವಿಕರಲ್ಲಿ ಎಚ್‌ವೈಪಿಪಿ ಅನ್ನೋ ಕಾಯಿಲೆ ಇದ್ದದ್ದು ಗೊತ್ತಿದೆ, ಟೆಸ್ಟ್ ಮಾಡಿಸೋದು ಒಳ್ಳೇದು ಅನ್ನೋ ಥರ. ಪೆಡಿಗ್ರೀಲಿ ಹಿಂದಕ್ಕೆ ಹೋದ್ರೆ ಇಂಪ್ರೆಸಿವ್ ಅನ್ನೋ ಹೆಸರು ಬರುತ್ತೆ. ಮಾರೋರನ್ನ ಕೇಳಿದ್ರೆ ‘ರಿಜಿಸ್ಟರ್ ಆಗಿದೆಯಲ್ಲ, ಕಾಯಿಲೆ ಇದ್ದಿದ್ರೆ ಅಸೋಸಿಯೇಷನ್‌ನವ್ರು ರಿಜಿಸ್ಟರ್ ಮಾಡ್ತಿದ್ರಾ? ಅದೂ ಅಲ್ದೆ ಇದೇನು ಮರಿ ಹಾಕ್ಸೋ ಕುದುರೆನಾ, ಜೆಲ್ಡಿಂಗ್‌ಗೆ ಯಾಕೆ ಜೀನ್ ಟೆಸ್ಟು’ ಅಂತಾರೆ. ಮಗಳ ಟ್ರೈನರ್ ಮಾತ್ರ ಟೆಸ್ಟ್ ಇಲ್ದೆ ಚೆಕ್ ಬರೀಬೇಡಿ ಅಂತಾಳೆ. ಕುದುರೆ ದಿನಾ ಆಲ್‌ಫಾಲ್ಫಾ ತಿನ್ನುತ್ತೆ, ಏನೂ ಆಗಿಲ್ವಂತೆ. ಒಂದ್ಸಲ ಭುಜದ ಹತ್ರ ಚರ್ಮ ಅದುರಿದ್ದು ನಾನೇ ನೋಡ್ದೆ, ನೊಣ ಇರ್ಬೇಕು ಅಂದ್ಕೊಂಡೆ.

ಯಾರ ಮಾತು ಕೇಳ್ಲಿ?

ಹೆಬ್ಬಾಳದ_ಹಳೇ_ವೆಟ್

ಟ್ರೈನರ್ ಮಾತು ಕೇಳಿ ಸರ್. ನಾನು ಹೆಬ್ಬಾಳದಲ್ಲಿ ಓದಿ ಈಗ ಓಕ್ಲಹೋಮದಲ್ಲಿ ಪ್ರಾಕ್ಟೀಸ್ ಮಾಡ್ತಿದೀನಿ, ಕುದುರೆ ದನ ಎರಡೂ ನೋಡ್ತೀನಿ. ಮಾರೋರು ಹೇಳಿದ ಎರಡು ಮಾತೂ ತಪ್ಪು, ಬೇಕಂತ ಸುಳ್ಳು ಹೇಳ್ತಿದಾರೆ ಅಂತಲ್ಲ, ಸುಮಾರು ಜನ ಹಂಗೇ ನಂಬ್ಕೊಂಡಿದಾರೆ.

ಇಂಪ್ರೆಸಿವ್ ಅನ್ನೋದು 1969ರಲ್ಲಿ ಹುಟ್ಟಿದ ಒಂದು ಸ್ಟಾಲಿಯನ್, ಅಂದ್ರೆ ಬೀಜದ ಗಂಡು ಕುದುರೆ. 1974ರಲ್ಲಿ ಹಾಲ್ಟರ್ ಕ್ಲಾಸಲ್ಲಿ ವರ್ಲ್ಡ್ ಚಾಂಪಿಯನ್. ಹಾಲ್ಟರ್ ಅಂದ್ರೆ ಓಡ್ಸೋದು ಹತ್ತೋದು ಏನಿಲ್ಲ, ಹಗ್ಗ ಹಿಡ್ಕೊಂಡು ನಿಲ್ಸಿ ಮೈಕಟ್ಟು ನೋಡಿ ನಂಬರ್ ಕೊಡೋದು, ನಮ್ಮ ಜಾತ್ರೆಲಿ ಹೋರಿಗೆ ಬಹುಮಾನ ಕೊಟ್ಟಂಗೆ. ಎರಡು ಸಾವಿರಕ್ಕೂ ಹೆಚ್ಚು ಮರಿ ಅದರದ್ದು, ಮಕ್ಕಳು ಮೊಮ್ಮಕ್ಕಳು ಸೇರಿದ್ರೆ ಲಕ್ಷ ದಾಟುತ್ತೆ. ಬಹುಪಾಲು ಬಹುಮಾನ ಅದರ ಸಂತಾನಕ್ಕೇ. ಆಮೇಲೆ ಒಂದೊಂದಾಗಿ ನಿಂತ್ ನಿಂತಲ್ಲೇ ನಡುಗಿ ಬೀಳೋಕೆ ಶುರುವಾದ್ವು, ಅದೇ ಎಚ್‌ವೈಪಿಪಿ. 1992ರಲ್ಲಿ ಗೊತ್ತಾಯ್ತು, ಸ್ನಾಯು ಜೀವಕೋಶಕ್ಕೆ ಸೋಡಿಯಂ ಬಿಡೋ ಬಾಗಿಲಿನ ಜೀನಲ್ಲಿ ಒಂದೇ ಒಂದು ಅಕ್ಷರ ಬದಲಾಗಿದೆ ಅಂತ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಆ ಬಾಗಿಲು ಸರಿಯಾಗಿ ಮುಚ್ಚಲ್ಲ, ಚಿಲಕ ಬೀಳದೆ ಗಾಳಿಗೆ ಪಟಪಟ ಬಡ್ಕೊಳ್ಳುತ್ತಲ್ಲ ಹಂಗೆ. ಮೊದ್ಲು ಭುಜ, ಪಕ್ಕೆ, ಕುತ್ತಿಗೆ ಅದುರುತ್ತೆ, ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆ ಹೊರಗ್ಬರುತ್ತೆ, ಹಿಂಗಾಲು ಸೋತು ನಾಯಿ ಥರ ಕೂರುತ್ತೆ, ಕೆಲವು ಬಿದ್ದೇ ಹೋಗ್ತವೆ. ಗಂಟಲ ಸ್ನಾಯು ಹಿಡಿದ್ರೆ ಉಸಿರು ಕಟ್ಟಿ ಸಾಯ್ಲೂಬಹುದು. ಒಂದು ನಂಬಿಕೆ ಏನಂದ್ರೆ ಸ್ನಾಯು ಸದಾ ಮಿಡಿತಾನೇ ಇರೋದ್ರಿಂದ ಜಿಮ್ಮಿಗೆ ಹೋಗ್ದೇನೆ ಮೈ ಉಬ್ಬಿರುತ್ತೆ ಅಂತ, ಜಡ್ಜುಗಳು ಅದನ್ನೇ ನೋಡಿ ಮಾರ್ಕ್ಸ್ ಕೊಟ್ಟಿದ್ದು.

ಈಗ ರಿಜಿಸ್ಟ್ರೇಷನ್ ವಿಷ್ಯ. ಇದು ಡಾಮಿನೆಂಟ್ ಜೀನ್, ಒಂದು ಕಾಪಿ ಇದ್ರೂ ಕಾಯಿಲೆ ಬರುತ್ತೆ. ರಿಪೋರ್ಟಲ್ಲಿ ಎನ್/ಎನ್ ಅಂದ್ರೆ ಕ್ಲೀನ್, ಎನ್/ಎಚ್ ಅಂದ್ರೆ ಒಂದು ಕಾಪಿ, ಎಚ್/ಎಚ್ ಅಂದ್ರೆ ಎರಡು. 1998ರಿಂದ ಹುಟ್ಟಿದ ಇಂಪ್ರೆಸಿವ್ ಸಂತಾನದ ಪೇಪರಲ್ಲಿ ನೀವು ನೋಡಿದ ಒಕ್ಕಣೆ ಹಾಕೋಕೆ ಶುರುಮಾಡಿದ್ರು. ಬರೀ ಒಕ್ಕಣೆ ಅಷ್ಟೆ, ಸಿಗರೇಟ್ ಪ್ಯಾಕ್ ಮೇಲಿನ ಎಚ್ಚರಿಕೆ ಥರ. ಟೆಸ್ಟ್ ಕಡ್ಡಾಯ ಆಗಿದ್ದು 2007ರ ಜನವರಿ 1ರಿಂದ ಹುಟ್ಟಿದ ಮರಿಗಳಿಗೆ, ಎಚ್/ಎಚ್ ಬಂದ್ರೆ ರಿಜಿಸ್ಟ್ರೇಷನ್ ಇಲ್ಲ. ನಿಮ್ಮ ಕುದುರೆ 2006ರದ್ದು. ಒಂದು ವರ್ಷ ತಡವಾಗಿ ಹುಟ್ಟಿದ್ರೆ ಇವತ್ತು ನೀವು ಈ ಪ್ರಶ್ನೆ ಕೇಳೋ ಅಗತ್ಯನೇ ಇರ್ತಿರ್ಲಿಲ್ಲ, ಪೇಪರಲ್ಲೇ ರಿಸಲ್ಟ್ ಇರ್ತಿತ್ತು. ಇನ್ನೊಂದು, ಆ ರೂಲಲ್ಲಿ ಹೊರಗಿಟ್ಟಿದ್ದು ಎಚ್/ಎಚ್ ಮಾತ್ರ. ಎನ್/ಎಚ್‌ಗೆ ರಿಜಿಸ್ಟ್ರೇಷನ್ ಕೊಟ್ರು, ಅಂದ್ರೆ ‘ರಿಜಿಸ್ಟರ್ ಆಗಿದೆ’ ಅಂದಮಾತ್ರಕ್ಕೆ ಕ್ಲೀನ್ ಅಂತ ಅರ್ಥ ಅಲ್ಲ.

ಬೀಜ ತೆಗೆದಿರೋದಕ್ಕೆ ಟೆಸ್ಟ್ ಯಾಕೆ ಅನ್ನೋದು. ಮರಿ ಹಾಕಿಸದಿದ್ರೆ ತಳಿಗೆ ತೊಂದ್ರೆ ಇಲ್ಲ, ಒಪ್ತೀನಿ. ಆದ್ರೆ ಬೆನ್ನ ಮೇಲೆ ಕೂರೋದು ನಿಮ್ಮ ಮಗಳು. 500 ಕೇಜಿ ಪ್ರಾಣಿ ನಿಂತಲ್ಲೇ ಕುಸಿದ್ರೆ ಕೆಳಗೆ ಯಾರ ಕಾಲಿರುತ್ತೆ? ಅನಸ್ತೀಷಿಯಾ ಕೊಡಬೇಕಾಗಿ ಬಂದ್ರೂ ಡಾಕ್ಟರಿಗೆ ಇದು ಮೊದ್ಲೇ ಗೊತ್ತಿರ್ಬೇಕು.

ಆಲ್‌ಫಾಲ್ಫಾ ತಿಂದೂ ಏನಾಗಿಲ್ಲ ಅನ್ನೋದು ಸಮಾಧಾನದ ಮಾತು, ಪ್ರೂಫ್ ಅಲ್ಲ, ಎನ್/ಎಚ್ ಕುದುರೆ ಕೆಲವು ಜೀವಮಾನವಿಡೀ ಏನೂ ತೋರಿಸಲ್ಲ. ಆಲ್‌ಫಾಲ್ಫಾ ಅಂದ್ರೆ ನಮ್ಮೂರ ಕುದುರೆ ಮಸಾಲೆ ಸೊಪ್ಪೇ, ಪೊಟ್ಯಾಸಿಯಂ ಜಾಸ್ತಿ. ಹೆಸರಲ್ಲೇ ಕುದುರೆ ಇದೆ, ಆದ್ರೆ ಈ ಕಾಯಿಲೆ ಇರೋ ಕುದುರೆಗೆ ಮಾತ್ರ ಅದು ಆಗ್ಬರಲ್ಲ. ಕಾಕಂಬಿ ಹಾಕಿದ ಫೀಡೂ ಬೇಡ.

ಟೆಸ್ಟ್ ಮಾಡ್ಸೋಕೆ ಕೇಳಿದ್ರೆ ಬರೀ ಎಚ್‌ವೈಪಿಪಿ ಮಾಡಿಸ್ಬೇಡಿ, ಐದು ವಂಶದ ಕಾಯಿಲೆ ಒಟ್ಟಿಗೆ ನೋಡೋ ಫೈವ್ ಪ್ಯಾನೆಲ್ಲೇ ಮಾಡ್ಸಿ. ಎಚ್‌ವೈಪಿಪಿ, ಪಿಎಸ್‌ಎಸ್‌ಎಂ1, ಎಂಎಚ್, ಜಿಬಿಇಡಿ, ಹರ್ಡಾ ಐದೂ ಬರುತ್ತೆ, ಈಗ ಆರನೇದೊಂದೂ ಸೇರ್ಸಿದಾರೆ. ಯುಸಿ ಡೇವಿಸ್ ಯೂನಿವರ್ಸಿಟಿ ಲ್ಯಾಬಿಗೆ ಜೂಲಿನ ಕೂದಲು ಕಳ್ಸಿದ್ರೆ ಆಯ್ತು. ಕತ್ತರಿಲಿ ಕತ್ತರಿಸಿ ಕಳಿಸೋರಿದಾರೆ, ಉಪಯೋಗ ಇಲ್ಲ. ಬೆರಳಿಗೆ ನಾಲ್ಕೈದು ಎಳೆ ಸುತ್ಕೊಂಡು ಚರ್ಮದ ಹತ್ರದಿಂದ ಗಬಕ್ಕಂತ ಎಳೀರಿ, ತುದೀಲಿ ಬಿಳಿ ಗಡ್ಡೆ ಥರ ಬೇರು ಕಾಣ್ಬೇಕು. ಅಂಥವು 20ರಿಂದ 30.

ವಿಜಾಪುರ_ಸವಾರ

ಡಾಕ್ಟ್ರು ಹೇಳಿದ್ದು ಖರೇ ಐತ್ರಿ. ನಮ್ಮ ಕಡಿ ಕಥಿನ ಬ್ಯಾರೆ. ಮನ್ಯಾಗ ಒಂದು ಮಾರವಾಡಿ ಹೆಣ್ಣ ಕುದುರಿ ಐತಿ. ಇಲ್ಲಿ ಕುದುರಿ ತಗೊಳ್ಳಾಕ ಹೋದ್ರ ಮೊದಲ ನೋಡೂದು ಸುಳಿ. ಹಣಿ ಮ್ಯಾಲ ಎಷ್ಟ ಸುಳಿ, ಎದಿ ಮ್ಯಾಲ ಎಲ್ಲಿ, ಕುತ್ತಿಗಿ ಬುಡಕ ಐತೋ ಇಲ್ಲೋ, ಮಾಲಕಗ ಆಗಿ ಬರ್ತೈತೋ ಇಲ್ಲೋ. ನಮ್ಮ ಕಾಕಾ ಸಾರಂಗಖೇಡಾ ಜಾತ್ರಿಗೆ ಹೋಗಿ ಮೂರ ದಿನಾ ತಿರಗಾಡಿ ಬರಿಗೈಲೆ ಬಂದ್ರು, ಕುದುರಿ ಛಲೋ ಇದ್ದುವಂತ, ಸುಳಿ ಸರಿ ಇರ್ಲಿಲ್ಲಂತ. ಆಮ್ಯಾಲ ಕಿವಿ ನೋಡ್ತಾರ, ತುದಿ ಬಾಗಿ ಒಂದಕ್ಕೊಂದು ಮುಟ್ಟಿದ್ರ ಮಾರವಾಡಿ ಇಲ್ಲಾ ಕಾಠಿಯಾವಾಡಿ. ಕೂದಲಾ ನೋಡೇ ನೋಡ್ತೀವ್ರಿ ನಾವೂ, ಆದ್ರ ಬೇರು ನೋಡೂದಿಲ್ಲ ಅಷ್ಟ.

ಇನ್ನೊಂದು ಗೊಂದಲ ಇಲ್ಲಿ ಭಾಳ ಮಂದಿಗೆ ಐತಿ. ‘ನಮ್ಮದು ರಜಿಸ್ಟರ್ಡ್ ಬ್ರೀಡ್ ಐತಿ’ ಅಂತಾರಲ್ಲ, ಅದು ದೇಶದ ಪಶು ತಳಿ ದಾಖಲಿ ಇಡೂ ಕರ್ನಾಲದ ಎನ್‌ಬಿಎಜಿಆರ್‌ನವ್ರು ತಳಿಗೆ ಕೊಟ್ಟ ನಂಬರ. ಮಾರವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ, ಝಂಸ್ಕಾರಿ, ಭೂಟಿಯಾ, ಕಚ್ಛಿ-ಸಿಂಧಿ, ಈಗ ನಮ್ಮ ದಖ್ಖನದ ಭೀಮಥಡಿನೂ ಸೇರೈತಿ, ಧನಗರರು ಕುರಿ ಹಿಂಡಿನ ಜೋಡಿ ಸಾಮಾನ ಹೇರಕೊಂಡ ಹೊಂಟಿರ್ತಾರಲ್ಲ ಆ ತಟ್ಟು. ತಳಿ ರಜಿಸ್ಟರ್ ಆತಂದ್ರ ನಿಮ್ಮ ಮನ್ಯಾಗಿನ ಕುದುರಿ ರಜಿಸ್ಟರ್ ಆತಂತ ಅಲ್ಲ, ಅದರ ಅಪ್ಪ ಅವ್ವ ಯಾರಂತ ಅಲ್ಲಿ ಯಾರೂ ಬರದಿಟ್ಟಿಲ್ಲ. ನಂಗೂ ಒಂದ ಸಲ ಹಿಂಗ ಒಬ್ಬಾಂವ ಬರೇ ಫೋಟೋ ಅಂಟಿಸಿದ ಕಾಗದಾ ತೋರಿಸಿ ಹೆಚ್ಚಿಗಿ ರೊಕ್ಕಾ ಕಿತ್ತ. ಅದಕ್ಕ ಹೇಳತೀನಿ, ಊರಾಗ ಇರಾವ್ರು ಕುದುರಿ ತಗೊಂಡ್ರ ಗ್ಲ್ಯಾಂಡರ್ಸ್ ಟೆಸ್ಟ್ ಮೊದಲ ಮಾಡಸ್ರಿ. ಅದು ಜೀನ್ ರೋಗ ಅಲ್ಲ, ಅಂಟುರೋಗ, ಮನಷ್ಯಾಗೂ ಬರ್ತೈತಿ, ಪಾಸಿಟಿವ್ ಬಂದ್ರ ಕಾನೂನ ಪ್ರಕಾರ ಕುದುರಿ ಕೊಲ್ಲಬೇಕು. ಪಶು ಆಸ್ಪತ್ರ್ಯಾಗ ರಕ್ತಾ ತಗೊಂಡು ಹಿಸಾರದ ಕುದುರಿ ಸಂಶೋಧನಾ ಕೇಂದ್ರ ಎನ್‌ಆರ್‌ಸಿಇ ತನಕಾ ಕಳಸ್ತಾರ.

ಲಾಯದ_ಹುಡುಗ

ನಾನು ಕುಣಿಗಲ್ ಕಡೆಯವ್ನು, ನಮ್ಮಪ್ಪ ರೇಸ್ ಕುದುರೆ ಲಾಯದಲ್ಲಿ ಸೈಸ್ ಆಗಿದ್ರು. ಒಂದು ಡೌಟು ಡಾಕ್ಟ್ರೇ, ಜಗಳಕ್ಕಲ್ಲ. ಥರೋಬ್ರೆಡ್‌ಗೆ ಇದ್ಯಾವ್ದೂ ಕೇಳಲ್ವಲ್ಲ? ಮರಿ ಹುಟ್ಟಿದ್ರೆ ಡಿಎನ್‌ಎ ತಗೋತಾರೆ, ಆದ್ರೆ ಅದು ಅಪ್ಪ ಅಮ್ಮ ಇವೇನಾ ಅಂತ ನೋಡೋಕೆ, ಮೈಕ್ರೋಚಿಪ್ ಹಾಕ್ತಾರೆ, ಪೂನಾದ ಸ್ಟಡ್ ಬುಕ್ ಅಥಾರಿಟಿಗೆ ಹೋಗುತ್ತೆ, ಮುಗೀತು. ಸೀಮೆನ್ ಇಂಜೆಕ್ಷನ್ ಹಾಕ್ಸಂಗಿಲ್ಲ, ಗಂಡು ಹೆಣ್ಣು ಎದುರೆದುರು ಸೇರ್ಲೇಬೇಕು, ಪ್ರಪಂಚದಲ್ಲಿ ಎಲ್ಲೇ ಆದ್ರೂ ಥರೋಬ್ರೆಡ್‌ಗೆ ಅದೇ ರೂಲು. ಅಷ್ಟು ಕಟ್ಟುನಿಟ್ಟು ಇರೋರೇ ರೋಗದ ಟೆಸ್ಟ್ ಕೇಳಲ್ಲ ಅಂದ್ಮೇಲೆ ಇದೆಲ್ಲ ಲ್ಯಾಬಿನವ್ರು ದುಡ್ಡು ಮಾಡೋ ದಾರಿ ಅಲ್ವಾ? ಇಲ್ಲಾ ನಿಜವಾಗ್ಲೂ ಅಷ್ಟು ಕೆಟ್ಟ ಜೀನು ಅಂದ್ರೆ ಎನ್/ಎಚ್ ಕೂಡ ಪೂರ್ತಿ ಬ್ಯಾನ್ ಮಾಡ್ಬೇಕಿತ್ತು, ಅರ್ಧಂಬರ್ಧ ಯಾಕೆ?

ಹೆಬ್ಬಾಳದ_ಹಳೇ_ವೆಟ್

ಒಳ್ಳೇ ಪ್ರಶ್ನೆ ಕಣಪ್ಪಾ. ಎಲ್ಲಾ ತಳಿಗೂ ಒಂದೇ ಕಾಯಿಲೆ ಇರಲ್ಲ. ಎಚ್‌ವೈಪಿಪಿ ಇಂಪ್ರೆಸಿವ್ ರಕ್ತ ಹರಿದ ಕಡೆ ಮಾತ್ರ ಹೋಗಿದೆ, ಕ್ವಾರ್ಟರ್ ಹಾರ್ಸ್, ಪೇಂಟ್, ಅಪ್ಪಲೂಸಾ. ಥರೋಬ್ರೆಡ್‌ಗೆ ಅದನ್ನ ಮಾಡ್ಸಿದ್ರೆ ದುಡ್ಡು ದಂಡನೇ. ಅರೇಬಿಯನ್‌ಗೆ ಎಸ್‌ಸಿಐಡಿ ಅಂತ ಬೇರೆ, ಮರಿಗೆ ರೋಗನಿರೋಧಕ ಶಕ್ತಿನೇ ಇರಲ್ಲ, ಐದು ತಿಂಗಳೊಳಗೆ ಹೋಗ್ಬಿಡುತ್ತೆ. ಅದಕ್ಕೆ 1997ರಲ್ಲಿ ಟೆಸ್ಟ್ ಬಂತು. ಯುರೋಪಿನ ವಾರ್ಮ್‌ಬ್ಲಡ್‌ಗೆ ಡಬ್ಲ್ಯುಎಫ್‌ಎಫ್‌ಎಸ್, ಹುಟ್ಟಿದ ಮರಿ ಚರ್ಮ ಒದ್ದೆ ಪೇಪರ್ ಥರ ಹರಿಯುತ್ತೆ.

ಎರಡನೇ ಪ್ರಶ್ನೆಗೆ ಸ್ವಲ್ಪ ತಾಳ್ಮೆಯಿಂದ ಓದಿ. ಎಸ್‌ಸಿಐಡಿ, ಹರ್ಡಾ, ಜಿಬಿಇಡಿ ಇವೆಲ್ಲ ರಿಸೆಸಿವ್, ಅಪ್ಪ ಅಮ್ಮ ಇಬ್ರಿಂದಲೂ ಕೆಟ್ಟ ಕಾಪಿ ಬಂದ್ರೆ ಮಾತ್ರ ಕಾಯಿಲೆ. ಒಂದು ಕಾಪಿ ಇರೋ ಕ್ಯಾರಿಯರ್ ಕುದುರೆ ಗಟ್ಟಿಮುಟ್ಟಾಗೇ ಇರುತ್ತೆ, ಓಡುತ್ತೆ, ಗೆಲ್ಲುತ್ತೆ. ಅಂಥದ್ನ ಕ್ಲೀನ್ ಇರೋದ್ರ ಜತೆ ಸೇರ್ಸಿದ್ರೆ ಒಂದು ಮರಿಗೂ ಕಾಯಿಲೆ ಬರಲ್ಲ. ಕ್ಯಾರಿಯರ್ ಕ್ಯಾರಿಯರ್ ಸೇರಿದ್ರೆ ನಾಲ್ಕರಲ್ಲಿ ಒಂದು. ನಮ್ಮಲ್ಲಿ ಸೋದರಮಾವನಿಗೆ ಕೊಟ್ಟು ಮದುವೆ ಮಾಡೋ ಮನೇಲಿ ಡಾಕ್ಟ್ರು ರಕ್ತ ಟೆಸ್ಟ್ ಮಾಡ್ಸಿ ಅಂತಾರಲ್ಲ, ಲೆಕ್ಕ ಅದೇ. ಕ್ಯಾರಿಯರ್‌ನೆಲ್ಲ ರಿಜಿಸ್ಟ್ರಿಯಿಂದ ಒದ್ದು ಓಡಿಸಿದ್ರೆ ಮೊದ್ಲೇ ಚಿಕ್ಕದಾಗಿರೋ ತಳಿ ಇನ್ನೂ ಚಿಕ್ಕದಾಗುತ್ತೆ, ಉಳಿದವುಗಳಲ್ಲೇ ಮತ್ತೆ ಮತ್ತೆ ಸಂಬಂಧ ಬೆಳೆಸಿ ಹೊಸ ಕಾಯಿಲೆ ಬರುತ್ತೆ. ಹಾಲೆಂಡಿನ ಫ್ರಿಸಿಯನ್ ಕುದುರೆಗೆ ಕುಬ್ಜತೆ, ತಲೇಲಿ ನೀರು ತುಂಬೋದು ಎರಡೂ ಇದೆ, ಅಂಥಾ ಪುಟ್ಟ ತಳಿಲಿ ಕ್ಯಾರಿಯರ್ ಎಲ್ಲಾ ತೆಗೆದ್ರೆ ಉಳಿಯೋದು ಎಷ್ಟು?

ಎಚ್‌ವೈಪಿಪಿಗೆ ಮಾತ್ರ ಈ ನೆಪ ನಡೆಯಲ್ಲ. ಡಾಮಿನೆಂಟ್, ಅದೂ ಒಂದೇ ಕುದುರೆಯಿಂದ ಬಂದಿದ್ದು, ತೆಗೆದ್ರೆ ತಳಿಗೆ ನಷ್ಟ ಏನಿಲ್ಲ. ಎನ್/ಎಚ್ ಉಳಿಸಿದ್ದು ನನ್ನ ಪ್ರಕಾರ ಹಾಲ್ಟರ್ ರಿಂಗಿನ ದುಡ್ಡಿಗೋಸ್ಕರ, ಬೇರೆ ಕಾರಣ ನಂಗೆ ಕಾಣಲ್ಲ. ಎರಡು ಎನ್/ಎಚ್ ಸೇರ್ಸಿದ್ರೆ ನಾಲ್ಕರಲ್ಲೊಂದು ಎಚ್/ಎಚ್, ಅದಕ್ಕೆ ಪೇಪರ್ ಇಲ್ಲ. ಎನ್/ಎಚ್‌ಗೆ ಕ್ಲೀನ್ ಸೇರ್ಸಿದ್ರೂ ಅರ್ಧ ಮರಿ ಎನ್/ಎಚ್. ಹಿಂಗೆ ಮುಂದುವರೀತಾನೇ ಇರುತ್ತೆ. ತಮಾಷೆ ಕೇಳಿ, ಇದೇ ಅಸೋಸಿಯೇಷನ್ 2004ರವರೆಗೂ ಮೈಮೇಲೆ ಬಿಳಿ ಮಚ್ಚೆ ಹೆಚ್ಚಿದ್ರೆ ಅಪ್ಪ ಅಮ್ಮ ಇಬ್ರೂ ಕ್ವಾರ್ಟರ್ ಹಾರ್ಸೇ ಆಗಿದ್ರೂ ಪೂರ್ತಿ ರಿಜಿಸ್ಟ್ರೇಷನ್ ಕೊಡ್ತಿರ್ಲಿಲ್ಲ. ಆರೋಗ್ಯವಾಗಿರೋ ಮಚ್ಚೆ ಕುದುರೆ ಹೊರಗೆ, ನಡುಗಿ ಬೀಳೋ ಕುದುರೆ ಒಳಗೆ. ವಿಜಾಪುರದ ಸಾಹೇಬ್ರು ಹೇಳಿದ ಸುಳಿಗೂ ಇದಕ್ಕೂ ಏನು ವ್ಯತ್ಯಾಸ ಹೇಳಿ. 2015ರಿಂದ ಮರಿ ಹಾಕಿಸೋ ಎಲ್ಲಾ ಸ್ಟಾಲಿಯನ್‌ಗೂ ಫೈವ್ ಪ್ಯಾನೆಲ್ ಕಡ್ಡಾಯ ಮಾಡಿದ್ರು, ಅದು ಒಳ್ಳೇ ಕೆಲಸ, ಆದ್ರೆ ಹೆಣ್ಣಿಗೆ ಆಗ ಕಡ್ಡಾಯ ಮಾಡ್ಲಿಲ್ಲ. ಮರಿಗೆ ಅರ್ಧ ಜೀನ್ ಅಮ್ಮನಿಂದ ಬರುತ್ತೆ ಅನ್ನೋದು ಕಮಿಟಿಯವ್ರಿಗೆ ಗೊತ್ತಿಲ್ಲ ಅಂತೇನಲ್ಲ.

ವಿಜಾಪುರ_ಸವಾರ

ಸುಳಿ ಬಗ್ಗೆ ನಮ್ಮ ಕಾಕಾನ ಮುಂದ ಹೇಳಬ್ಯಾಡ್ರಿ ಡಾಕ್ಟ್ರ 😄

ಡಲ್ಲಾಸ್_ಅಪ್ಪ

ಎಲ್ರಿಗೂ ಥ್ಯಾಂಕ್ಸ್, ಅಪ್ಡೇಟ್ ಕೊಡೋಕೆ ಬಂದೆ. ಮಾರೋರು ಮೊದ್ಲು ಗೊಣಗಿದ್ರು, ಖರ್ಚು ನಂದೇ ಅಂದ್ಮೇಲೆ ಒಪ್ಪಿದ್ರು. ಕೂದಲು ಕೀಳೋಕೆ ನಂಗೆ ಧೈರ್ಯ ಬರ್ಲಿಲ್ಲ, ಮಗಳೇ ಕಿತ್ತಳು, ಅದು ಕತ್ತೂ ಅಲ್ಲಾಡಿಸ್ಲಿಲ್ಲ. ಒಂದೊಂದು ಎಳೆನೂ ಬೆಳಕಿಗೆ ಹಿಡಿದು ಬೇರು ಇದ್ಯಾ ಅಂತ ನೋಡಿ ಫಾರ್ಮಿಗೆ ಟೇಪ್ ಹಾಕಿ ಅಂಟಿಸಿದ್ವಿ.

ರಿಸಲ್ಟ್ ಬಂತು. ಎಚ್‌ವೈಪಿಪಿ ಎನ್/ಎನ್!! ಒಂದು ನಿಮಿಷ ಕುಣಿದಾಡ್ಬಿಟ್ವಿ. ಕೆಳಗೆ ನೋಡಿದ್ರೆ ಪಿಎಸ್‌ಎಸ್‌ಎಂ1 ಎದುರಿಗೆ ಎನ್/ಪಿ1 ಅಂತಿದೆ, ಉಳಿದವೆಲ್ಲ ಕ್ಲೀನ್. ಇದೇನು ಸರ್ ಮತ್ತೆ? ಪೇಪರಲ್ಲಿ ಇದರ ಬಗ್ಗೆ ಒಂದಕ್ಷರ ಇರ್ಲಿಲ್ಲ. ಮಾರೋರು ಇಷ್ಟು ವರ್ಷ ಒಂದಿನಾನೂ ಮಲಗಿಲ್ಲ ಅಂತ ಆಣೆ ಹಾಕ್ತಾರೆ, ನಿಜ ಅನ್ಸುತ್ತೆ ನಂಗೂ.

ಹೆಬ್ಬಾಳದ_ಹಳೇ_ವೆಟ್

ಅವರು ನಿಜನೇ ಹೇಳ್ತಿರ್ಬಹುದು. ಪಿಎಸ್‌ಎಸ್‌ಎಂ1 ಕೂಡ ಡಾಮಿನೆಂಟ್, ಒಂದು ಕಾಪಿ ಸಾಕು. ಕ್ವಾರ್ಟರ್ ಹಾರ್ಸ್‌ನಲ್ಲಿ ನೂರಕ್ಕೆ ಆರರಿಂದ ಹತ್ತರಲ್ಲಿ ಇರುತ್ತೆ, ಹಾಲ್ಟರ್ ಸಾಲಲ್ಲಿ ಇನ್ನೂ ಜಾಸ್ತಿ. ಜೀನ್ ಗೊತ್ತಾಗಿದ್ದು 2008ರಲ್ಲಿ. ಇದು ಇಂಪ್ರೆಸಿವ್ ಥರ ಒಬ್ಬನ ತಲೆ ಮೇಲೆ ಹೊರಿಸೋ ಹಂಗಿಲ್ಲ, ಸಾವಿರ ವರ್ಷಕ್ಕೂ ಹಳೇದು, ಗಾಡಿ ಎಳೆಯೋ ದೊಡ್ಡ ಕುದುರೆ ತಳಿಗಳಲ್ಲಿ ತುಂಬಾ ಇದೆ. ಸ್ನಾಯು ಸಕ್ಕರೆನ ಗ್ಲೈಕೋಜನ್ ಮಾಡಿ ಕೂಡಿಡುತ್ತೆ, ಬೇಕಾದಾಗ ಸರಿಯಾಗಿ ಸುಟ್ಕೊಳ್ಳೋಕಾಗಲ್ಲ. ಕೆಲಸ ಶುರುಮಾಡಿದ ಹತ್ತಿಪ್ಪತ್ತು ನಿಮಿಷಕ್ಕೆ ತೊಡೆ ಕಲ್ಲಿನಂಗೆ ಗಟ್ಟಿಯಾಗುತ್ತೆ, ಬೆವರುತ್ತೆ, ಹೆಜ್ಜೆ ಇಡಲ್ಲ, ಜೋರಾದ್ರೆ ಉಚ್ಚೆ ಕಾಫಿ ಬಣ್ಣ. ಹಿಂದೆ ಯುರೋಪಲ್ಲಿ ಇದನ್ನ ಸೋಮವಾರದ ಕಾಯಿಲೆ ಅಂತಿದ್ರು. ವಾರವಿಡೀ ನೇಗಿಲು ಹೂಡಿದ ಕುದುರೆಗೆ ಭಾನುವಾರ ರಜಾ, ಕಾಳು ಮಾತ್ರ ಎಂದಿನಷ್ಟೇ ಹಾಕೋರು, ಸೋಮವಾರ ಬೆಳಗ್ಗೆ ನೊಗ ಕಟ್ಟಿದ್ರೆ ಹಿಡ್ಕೊಂಡ್ಬಿಡೋದು.

ಈಗ ನಿಮ್ಮ ಕುದುರೆ ಕಥೆ ಅರ್ಥ ಆಯ್ತಾ? ರ‍್ಯಾಂಚಲ್ಲಿ ದಿನಾ ಗಂಟೆಗಟ್ಲೆ ದುಡೀತಿತ್ತು, ಅದೇ ಅದಕ್ಕೆ ಔಷಧಿ. ನಿಮ್ಮನೆಗೆ ಬಂದ್ರೆ ಏನಾಗುತ್ತೆ? ಮಗಳಿಗೆ ಸ್ಕೂಲು, ವಾರಕ್ಕೆ ಎರಡು ದಿನ ಸವಾರಿ, ಉಳಿದ ಐದು ದಿನ ಬೋರ್ಡಿಂಗ್ ಲಾಯದ ನಾಲ್ಕು ಗೋಡೆ ಮಧ್ಯೆ ಫೀಡ್ ತಿಂದ್ಕೊಂಡು ನಿಂತಿರುತ್ತೆ. ಪ್ರತಿ ಶನಿವಾರನೂ ಸೋಮವಾರ ಆಗ್ಬಿಡುತ್ತೆ.

ಕೈಬಿಡಿ ಅಂತ ಹೇಳ್ತಿಲ್ಲ. ಕಾಳು, ಸಿಹಿ ಫೀಡ್ ಬಂದ್ ಮಾಡ್ಬೇಕು, ಹುಲ್ಲೇ ಮುಖ್ಯ, ಶಕ್ತಿ ಬೇಕಾದ್ರೆ ಎಣ್ಣೆ. ಟೆಕ್ಸಾಸಲ್ಲಿ ಸಿಗೋ ಕೋಸ್ಟಲ್ ಬರ್ಮುಡಾ ಅಂದ್ರೆ ನಮ್ಮ ಗಣಪತಿಗಿಡೋ ಗರಿಕೆ ಜಾತಿನೇ, ಆಗುತ್ತೆ, ಆದ್ರೆ ತೀರಾ ಸಣ್ಣೆಳೆ ಇದ್ರೆ ಕರುಳಲ್ಲಿ ಕಟ್ಕೊಂಡು ಹೊಟ್ಟೆನೋವು ಬರುತ್ತೆ, ನೀರು ಚೆನ್ನಾಗಿ ಕುಡೀಬೇಕು. ಎಲ್ಲಕ್ಕಿಂತ ಮುಖ್ಯ ದಿನಾ ಬಯಲಲ್ಲಿ ಬಿಟ್ಟಿರ್ಬೇಕು, ದಿನಾ ಸ್ವಲ್ಪನಾದ್ರೂ ಕೆಲಸ, ರಜೆ ಅಂತ ಇಲ್ಲ. ನಿಮ್ಮ ಲಾಯದಲ್ಲಿ ಹೊಲಕ್ಕೆ ಬಿಡೋ ವ್ಯವಸ್ಥೆ ಇದ್ಯಾ ಕೇಳಿ, ಇಲ್ದಿದ್ರೆ ಈ ಕುದುರೆ ಬೇಡ. ತಗೊಳ್ಳೋ ಮುಂಚೆ ಒಂದು ಕೆಲಸ ಮಾಡ್ಸಿ, ಹದಿನೈದು ನಿಮಿಷ ನಿಧಾನಕ್ಕೆ ಟ್ರಾಟ್ ಓಡ್ಸಿ ನಾಲ್ಕರಿಂದ ಆರು ಗಂಟೆ ಬಿಟ್ಟು ರಕ್ತದಲ್ಲಿ ಸಿಕೆ (ಸ್ನಾಯುವಿನ ಒಂದು ಎಂಜೈಮ್) ನೋಡೋಕೆ ಹೇಳಿ. ಸ್ನಾಯು ಒಳಗೊಳಗೇ ಒಡೀತಿದ್ರೆ ಅದ್ರಲ್ಲಿ ಗೊತ್ತಾಗುತ್ತೆ. ಇಷ್ಟು ವಯಸ್ಸಲ್ಲಿ ಹಲ್ಲು, ಮೊಣಕಾಲು ಹೆಂಗೂ ನೋಡ್ಸ್ತೀರಲ್ಲ, ಅದ್ರ ಜತೆಗೇ ಆಗುತ್ತೆ.

ಲಾಯದ_ಹುಡುಗ

ಸೋಮವಾರದ ಕಾಯಿಲೆ! ನಮ್ಮಪ್ಪ ‘ರಜಾ ದಿನ ಹುರುಳಿ ಕಮ್ಮಿ ಮಾಡು’ ಅಂತ ಯಾವಾಗ್ಲೂ ಬೈಯ್ಯೋರು, ಯಾಕೆ ಅಂತ ಇವತ್ತು ಗೊತ್ತಾಯ್ತು.

ಹೆಬ್ಬಾಳದ_ಹಳೇ_ವೆಟ್

ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಪ್ಪಾ. ಥರೋಬ್ರೆಡ್ ಹಿಡ್ಕೊಳ್ಳೋದು ಸಾಮಾನ್ಯವಾಗಿ ಬೇರೆ ಕಾರಣಕ್ಕೆ, ಈ ಜೀನ್ ಅವುಕ್ಕೆ ಇರಲ್ಲ ಅಂತಾನೇ ಹೇಳ್ಬಹುದು, ಆದ್ರೆ ಕಾಳು ಕಮ್ಮಿ ಮಾಡೋದು ಎರಡಕ್ಕೂ ಸರಿ.

ಡಲ್ಲಾಸ್_ಅಪ್ಪ

ಟ್ರೈನರ್ ಹತ್ರ ಕೇಳ್ದೆ, ಅವಳ ಪರಿಚಯದೋರದ್ದು ಹದಿನೈದು ಮೈಲಿ ದೂರದಲ್ಲಿ ಒಂದು ಜಾಗ ಇದೆ, ರಾತ್ರಿ ಹಗಲು ಹೊಲದಲ್ಲೇ ಬಿಡ್ತಾರಂತೆ, ಈಗಿನ ಲಾಯಕ್ಕಿಂತ ಬಾಡಿಗೆನೂ ಕಮ್ಮಿ. ದಿನಾ ಹೋಗಿ ಓಡ್ಸೋದು ಯಾರು ಅನ್ನೋದೇ ಈಗ ಮನೇಲಿ ಜಗಳ, ಮಗಳು ನಾನೇ ಅಂತಾಳೆ, ಕಾರ್ ಓಡ್ಸೋದು ನಾನಲ್ವಾ. ಮಾರೋರು ಬೆಲೆ ಸ್ವಲ್ಪ ಇಳಿಸಿದಾರೆ, ನಾನೇನೂ ಕೇಳಿರ್ಲಿಲ್ಲ. ಶನಿವಾರ ಬೆಳಗ್ಗೆ ವೆಟ್ ಬರ್ತಾರೆ ಓಡಿಸಿ ನೋಡೋಕೆ, ಮಧ್ಯಾಹ್ನ ಇನ್ನೊಂದ್ಸಲ ಬಂದು ರಕ್ತ ತಗೋತಾರೆ. ಸಿಕೆ ಎಷ್ಟು ಬಂದ್ರೆ ಸರಿ ಅಂತ ಲೆಕ್ಕ ಡಾಕ್ಟ್ರೇ?

ಹೆಬ್ಬಾಳದ_ಹಳೇ_ವೆಟ್

ಓಡಿಸೋ ಮುಂಚೆನೂ ಒಂದ್ಸಲ ತಗೊಳ್ಳೋಕೆ ಹೇಳಿ. ಮುಂಚಿಂದಕ್ಕಿಂತ ಆಮೇಲಿಂದು ಮೂರ್ನಾಲ್ಕು ಪಟ್ಟು ಏರಿದ್ರೆ ನಂಗೆ ರಿಪೋರ್ಟ್ ಕಳ್ಸಿ, ಚೆಕ್ ಬರೀಬೇಡಿ.